ಮೂವತ್ತಾರು ಕಣಗಳ ಜಾತಕ

ಏಪ್ರಿಲ್–ಮೇ ತಿಂಗಳ ಅಮಾವಾಸ್ಯೆಯ ಆಸುಪಾಸಿನಲ್ಲಿ, ಬೀದಿದೀಪಗಳ ಕಾಟವಿಲ್ಲದ ಊರಲ್ಲಿ, ಬೆಳಗಿನ ಜಾವ ಮೂರರ ಹೊತ್ತಿಗೆ ತೆಂಕಣ ದಿಕ್ಕಿಗೆ ಕತ್ತೆತ್ತಿದರೆ ಆಕಾಶಗಂಗೆ ಎದ್ದು ಕಾಣುತ್ತದೆ. ವೃಶ್ಚಿಕದ ಕೊಂಡಿಯ ಬಳಿ ಮೈತುಂಬಿಕೊಂಡಿರುವ ಆ ಬೆಳ್ಳನೆಯ ಪಟ್ಟಿ ಮೇಲಕ್ಕೆ ಹೋದಂತೆ ನಡುವೆ ಸೀಳಿ ಎರಡು ಕವಲಾಗುತ್ತದೆ. ಕವಲುಗಳ ನಡುವೆ ಕಪ್ಪು. ಈ ಸೀಳನ್ನು ನೋಡಿದವರು ಬೇಕಾದಷ್ಟು ಮಂದಿ. ಅದು ಅಲ್ಲೇಕಿದೆ ಎಂದು ಕೇಳಿದವರು ಕಡಿಮೆ. ಎರಡೂ ಮಗ್ಗುಲಲ್ಲಿ ನಕ್ಷತ್ರಗಳು ಕಿಕ್ಕಿರಿದಿರುವಾಗ ನಡುವಿನ ಅಷ್ಟು ಜಾಗ ಮಾತ್ರ ಬರಿದಾದದ್ದು ಹೇಗೆ?

ವಿಲಿಯಂ ಹರ್ಷೆಲ್ 18ನೇ ಶತಮಾನದ ಕೊನೆಯಲ್ಲಿ ತನ್ನ ದೊಡ್ಡ ದೂರದರ್ಶಕದಲ್ಲಿ ನಕ್ಷತ್ರಗಳನ್ನು ಎಣಿಸುತ್ತ ಹೋದಾಗ ಇಂಥ ಕಪ್ಪು ತೇಪೆಗಳು ಅಲ್ಲಲ್ಲಿ ಸಿಕ್ಕಿದವು. ಅವು ಆಕಾಶದಲ್ಲಿ ಬಿದ್ದ ತೂತುಗಳು ಎಂದೇ ಆತ ಬಗೆದ. ನೂರು ವರ್ಷ ಕಳೆದ ಮೇಲೆ ಅಮೆರಿಕದ ಎಡ್ವರ್ಡ್ ಬಾರ್ನಾರ್ಡ್ ಅವುಗಳ ಫೋಟೊಗಳನ್ನು ವರ್ಷಗಟ್ಟಲೆ ತೆಗೆದು, ಇದು ತೂತಲ್ಲ, ಮುಂದೆ ಏನೋ ಅಡ್ಡ ನಿಂತಿದೆ ಎಂಬ ಅನುಮಾನಕ್ಕೆ ಬಂದ. ಅನುಮಾನವನ್ನು ಲೆಕ್ಕದಿಂದ ಗಟ್ಟಿ ಮಾಡಿದ್ದು ಲಿಕ್ ವೀಕ್ಷಣಾಲಯದ ರಾಬರ್ಟ್ ಟ್ರಂಪ್ಲರ್, 1930ರಲ್ಲಿ. ಆತ ನಕ್ಷತ್ರಗುಚ್ಛಗಳ ದೂರವನ್ನು ಎರಡು ಬಗೆಯಲ್ಲಿ ಅಳೆದ: ಗುಚ್ಛ ಎಷ್ಟು ಮಂಕಾಗಿದೆ ಎಂಬುದರಿಂದ ಒಮ್ಮೆ, ಎಷ್ಟು ಚಿಕ್ಕದಾಗಿ ಕಾಣುತ್ತದೆ ಎಂಬುದರಿಂದ ಇನ್ನೊಮ್ಮೆ. ಎರಡೂ ಒಂದೇ ಉತ್ತರ ಕೊಡಬೇಕಿತ್ತು. ಕೊಡಲಿಲ್ಲ. ದೂರದ ಗುಚ್ಛಗಳು ಇರಬೇಕಾದ್ದಕ್ಕಿಂತ ಮಂಕಾಗಿದ್ದವು, ಸಾಲದ್ದಕ್ಕೆ ಇರಬೇಕಾದ್ದಕ್ಕಿಂತ ಕೆಂಪಾಗಿಯೂ ಇದ್ದವು.

ಹಾಗಾದರೆ ನಕ್ಷತ್ರಗಳಿಗೂ ನಮಗೂ ನಡುವೆ ಬೆಳಕನ್ನು ತಡೆಯುವ ಏನೋ ಇದೆ. ಅದು ನೀಲಿಯನ್ನು ಹೆಚ್ಚು ತಡೆಯುತ್ತದೆ, ಕೆಂಪನ್ನು ಕಡಿಮೆ. ಅನಿಲ ಈ ಮಟ್ಟಿಗೆ ಬೆಳಕನ್ನು ತಡೆಯಲಾರದು. ಬೆಳಕಿನ ಅಲೆಯ ಉದ್ದದಷ್ಟು, ಇಲ್ಲವೇ ಅದಕ್ಕಿಂತ ಚಿಕ್ಕದಾದ ಗಟ್ಟಿ ಕಣಗಳು ಬೇಕು. ಅಂದರೆ ಧೂಳು. ನಕ್ಷತ್ರಗಳ ನಡುವೆ ಇರುವುದರಿಂದ ಅದನ್ನು ತಾರಾಂತರ ಧೂಳು ಎನ್ನೋಣ.

ದೂರದಿಂದ ತಿಳಿದಷ್ಟು

ಧೂಳು ಎಂದಮೇಲೆ ಯಾವುದರ ಧೂಳು ಎಂಬ ಪ್ರಶ್ನೆ ಬರಲೇಬೇಕು. ಕಲ್ಲಿನದೊ, ಮಸಿಯದೊ, ಲೋಹದ್ದೊ?

ಮೊದಲ ಸುಳಿವು ಅವಕೆಂಪು ಬೆಳಕಿನಿಂದ ಬಂತು. ಸಿಲಿಕಾನ್ ಮತ್ತು ಆಮ್ಲಜನಕ ಬೆಸೆದುಕೊಂಡ ವಸ್ತುಗಳು, ಅಂದರೆ ನಮ್ಮ ಸುತ್ತಲಿನ ಬಹುಪಾಲು ಕಲ್ಲುಗಳು, ಸುಮಾರು 10 ಮೈಕ್ರೋಮೀಟರ್ ಉದ್ದದ ಅಲೆಯನ್ನು ಹೀರಿಕೊಳ್ಳುತ್ತವೆ. ಧೂಳಿನ ಮೋಡ ಹಾದು ಬಂದ ಬೆಳಕಿನಲ್ಲಿ ಸರಿಯಾಗಿ ಅಲ್ಲೇ ಒಂದು ತಗ್ಗು ಕಂಡಿತು. ಆ ತಗ್ಗು ಚೂಪಾಗಿಲ್ಲ, ನಯವಾಗಿದೆ. ಹರಳುಗಟ್ಟಿದ ಕಲ್ಲಿನದಾದರೆ ಚೂಪು ಗೆರೆಗಳು ಕಾಣಬೇಕಿತ್ತು. ಆದ್ದರಿಂದ ಧೂಳಿನಲ್ಲಿ ಕಲ್ಲಿನ ಪಾಲಿದೆ, ಆದರೆ ಹೆಚ್ಚಿನದು ಹರಳುಗಟ್ಟದೆ ಅಡ್ಡಾದಿಡ್ಡಿ ಸೇರಿಕೊಂಡದ್ದು ಎಂದಾಯಿತು.

ಎರಡನೆಯ ಸುಳಿವು ನನಗೆ ಹೆಚ್ಚು ಇಷ್ಟವಾದದ್ದು, ಯಾಕೆಂದರೆ ಅದು ಇರಬೇಕಾದ್ದು ಇಲ್ಲದ್ದರಿಂದ ಸಿಕ್ಕಿದ್ದು. 1972ರಲ್ಲಿ ಹಾರಿದ ಕೊಪರ್ನಿಕಸ್ ಉಪಗ್ರಹ ನಕ್ಷತ್ರಗಳ ಅತಿನೇರಳೆ ಬೆಳಕನ್ನು ನೋಡಿ, ದಾರಿಯಲ್ಲಿರುವ ಅನಿಲದಲ್ಲಿ ಯಾವ ಮೂಲವಸ್ತು ಎಷ್ಟಿದೆ ಎಂದು ಅಳೆಯಿತು. ಸೂರ್ಯನಲ್ಲಿ ಯಾವ ಪ್ರಮಾಣವಿದೆಯೋ ಹೆಚ್ಚುಕಡಿಮೆ ಅದೇ ಅಲ್ಲಿಯೂ ಇರಬೇಕೆಂಬುದು ನಿರೀಕ್ಷೆ. ಗಂಧಕದ ಲೆಕ್ಕ ಬಹುಮಟ್ಟಿಗೆ ಸರಿಹೋಯಿತು. ಆದರೆ ಮೆಗ್ನೀಸಿಯಂ, ಸಿಲಿಕಾನ್‌ಗಳ ದೊಡ್ಡ ಪಾಲು ನಾಪತ್ತೆ. ಕಬ್ಬಿಣದ್ದಂತೂ ಕೇಳುವುದೇ ಬೇಡ, ನೂರಕ್ಕೆ ತೊಂಬತ್ತಕ್ಕೂ ಮೇಲ್ಪಟ್ಟು ಕಾಣೆ. ಅನಿಲದಲ್ಲಿಲ್ಲದ ಕಬ್ಬಿಣ ಧೂಳಿನಲ್ಲೇ ಇರಬೇಕು, ಬೇರೆಲ್ಲಿಗೆ ಹೋದೀತು?

ಧೂಳಿನಲ್ಲಿದೆ ಸರಿ, ಆದರೆ ಯಾವ ರೂಪದಲ್ಲಿ? ಕಲ್ಲಿನೊಳಗೆ ಬೆರೆತು ಕೂತಿದೆಯೆ, ಗಂಧಕದ ಜೊತೆ ಸೇರಿದೆಯೆ, ಬರಿಯ ಲೋಹದ ಚೂರಾಗಿದೆಯೆ? ಬೆಳಕು ಇದನ್ನು ಹೇಳಲಾರದು. ನೂರಾರು ಜ್ಯೋತಿರ್ವರ್ಷಗಳ ದಾರಿಯಲ್ಲಿರುವ ಎಲ್ಲ ಕಣಗಳದ್ದನ್ನೂ ಕಲಸಿ ಸರಾಸರಿಯೊಂದನ್ನು ಅದು ತಂದೊಪ್ಪಿಸುತ್ತದೆ, ಅಷ್ಟೆ. ಒಂದು ಕಣದ ಸಂಗತಿ ಬೇಕಾದರೆ ಒಂದು ಕಣವೇ ಕೈಗೆ ಸಿಗಬೇಕು.

ಬಾಗಿಲಿಗೇ ಬರುವ ಧೂಳು

ಅದಕ್ಕಾಗಿ ಇನ್ನೊಂದು ನಕ್ಷತ್ರದವರೆಗೆ ಹೋಗಬೇಕಾಗಿಲ್ಲ. ಸೂರ್ಯ ತನ್ನ ಗ್ರಹಗಳನ್ನೆಲ್ಲ ಕಟ್ಟಿಕೊಂಡು ಒಂದು ತೆಳುವಾದ ಅನಿಲದ ಮೋಡದೊಳಗೆ ಸಾಗುತ್ತಿದ್ದಾನೆ. ಸ್ಥಳೀಯ ತಾರಾಂತರ ಮೋಡ ಎಂದು ಅದರ ಹೆಸರು. ಹೆಸರಿಗೆ ಮಾತ್ರ ಮೋಡ. ಒಂದು ಘನ ಸೆಂಟಿಮೀಟರಿನಲ್ಲಿ ಒಂದು ಪರಮಾಣು ಸಿಕ್ಕುವುದೂ ಕಷ್ಟ. ಅದರ ತೂಕದಲ್ಲಿ ನೂರಕ್ಕೆ ಒಂದರಷ್ಟು ಧೂಳು. ಮೋಡಕ್ಕೂ ಸೂರ್ಯನಿಗೂ ನಡುವಿನ ವೇಗ ಸೆಕೆಂಡಿಗೆ ಸುಮಾರು 26 ಕಿಲೋಮೀಟರ್. ಆದ್ದರಿಂದ ಮೋಡದ ಅನಿಲವೂ ಧೂಳೂ ನಮ್ಮ ಸೌರವ್ಯೂಹದೊಳಕ್ಕೆ ಒಂದೇ ದಿಕ್ಕಿನಿಂದ ಸದಾ ಹರಿದುಬರುತ್ತಿರುತ್ತವೆ. ಆ ದಿಕ್ಕು ವೃಶ್ಚಿಕದ ನೆತ್ತಿಯ ಮೇಲಿರುವ ಉರಗಧರ ನಕ್ಷತ್ರಪುಂಜದ ಕಡೆಗಿದೆ.

ಬರುವ ಧೂಳೆಲ್ಲ ಒಳಗೆ ಬರುವುದಿಲ್ಲ ಎಂಬುದನ್ನು ಇಲ್ಲೇ ಹೇಳಿಬಿಡಬೇಕು, ಮುಂದೆ ಬೇಕಾಗುತ್ತದೆ. ಕಣಗಳ ಮೈಮೇಲೆ ವಿದ್ಯುದಂಶ ಇರುತ್ತದೆ. ಸೂರ್ಯನಿಂದ ಹೊರಟ ಸೌರಮಾರುತ ತನ್ನ ಕಾಂತಕ್ಷೇತ್ರವನ್ನೂ ಹೊತ್ತೊಯ್ದು ಸೌರವ್ಯೂಹದ ಸುತ್ತ ದೊಡ್ಡದೊಂದು ಗುಳ್ಳೆ ಕಟ್ಟಿದೆ. ತೀರ ಚಿಕ್ಕ ಕಣಗಳನ್ನು ಆ ಕಾಂತಕ್ಷೇತ್ರ ಗುಳ್ಳೆಯ ಅಂಚಿನಲ್ಲೇ ಪಕ್ಕಕ್ಕೆ ತಿರುಗಿಸಿಬಿಡುತ್ತದೆ. ಅದನ್ನು ದಾಟಿದವುಗಳಲ್ಲೂ ಕೆಲವನ್ನು ಸೂರ್ಯನ ಬೆಳಕೇ ಹಿಂದಕ್ಕೆ ದಬ್ಬುತ್ತದೆ. ತೂಕ ಉಳ್ಳವು ಮಾತ್ರ ಒಳಗೆ ನುಗ್ಗುತ್ತವೆ.

ನುಗ್ಗಿದವುಗಳನ್ನು ಮೊದಲು ಖಚಿತವಾಗಿ ಗುರುತಿಸಿದ್ದು ಯುಲಿಸಿಸ್ ನೌಕೆ. 1990ರ ಅಕ್ಟೋಬರಿನಲ್ಲಿ ಹೊರಟು 1992ರ ಫೆಬ್ರುವರಿಯಲ್ಲಿ ಗುರುಗ್ರಹವನ್ನು ಬಳಸಿ ಮುಂದೆ ಹೋಯಿತು. ಅಷ್ಟು ದೂರದಲ್ಲಿ ನಮ್ಮದೇ ಸೌರವ್ಯೂಹದ ಧೂಳು ವಿರಳ. ಇದ್ದರೂ ಅದು ಗ್ರಹಗಳು ಸುತ್ತುವ ದಿಕ್ಕಿನಲ್ಲೇ ಸುತ್ತುತ್ತದೆ. ಯುಲಿಸಿಸ್‌ಗೆ ಬಡಿದ ಕಣಗಳು ಬಂದದ್ದು ಎದುರು ದಿಕ್ಕಿನಿಂದ, ಅದೂ ಸೂರ್ಯನ ಸೆಳೆತ ಹಿಡಿದಿಟ್ಟುಕೊಳ್ಳಲಾರದಷ್ಟು ವೇಗದಲ್ಲಿ. ಹೊರಗಿನ ಹೀಲಿಯಂ ಅನಿಲ ಬರುವ ದಿಕ್ಕಿಗೂ ಇದಕ್ಕೂ ತಾಳೆಯಾಯಿತು. ಎಬರ್‌ಹಾರ್ಡ್ ಗ್ರೂನ್ ಮತ್ತು ಸಂಗಡಿಗರು 1993ರಲ್ಲಿ ಇದನ್ನು ಪ್ರಕಟಿಸಿದರು. ಯುಲಿಸಿಸ್ ಕಣಗಳನ್ನು ಎಣಿಸಿತು, ತೂಕ ಅಂದಾಜಿಸಿತು, ದಿಕ್ಕು ಹೇಳಿತು. ಒಳಗೇನಿದೆ ಎಂದು ಹೇಳುವ ಸಲಕರಣೆ ಮಾತ್ರ ಅದರಲ್ಲಿರಲಿಲ್ಲ.

ಒಡೆದು ನೋಡುವುದು

ಆ ಸಲಕರಣೆಯನ್ನು ಹೊತ್ತು ಹೋದದ್ದು ಕ್ಯಾಸಿನಿ ನೌಕೆ. 1997ರ ಅಕ್ಟೋಬರ್ 15ರಂದು ಹೊರಟು 2004ರ ಜುಲೈನಲ್ಲಿ ಶನಿಯನ್ನು ಸೇರಿ, 2017ರ ಸೆಪ್ಟೆಂಬರ್ 15ರಂದು ಶನಿಯ ವಾತಾವರಣದಲ್ಲೇ ಉರಿದುಹೋಗುವವರೆಗೆ ಅದು ಅಲ್ಲಿ ಸುತ್ತಿತು. ಉಂಗುರಗಳ ಚಿತ್ರಗಳಿಂದ ಕ್ಯಾಸಿನಿ ಮನೆಮಾತಾಯಿತು. ಅದರ ಮೈಗಂಟಿದ್ದ, ಬಕೆಟ್ಟಿನ ಆಕಾರದ ಧೂಳು ವಿಶ್ಲೇಷಕದ ಹೆಸರು ಕೇಳಿದವರು ಕಡಿಮೆ. ಜರ್ಮನಿಯ ಹೈಡೆಲ್‌ಬರ್ಗ್‌ನಲ್ಲಿರುವ ಮ್ಯಾಕ್ಸ್ ಪ್ಲಾಂಕ್ ಪರಮಾಣು ಭೌತವಿಜ್ಞಾನ ಸಂಸ್ಥೆಯ ಮುಂದಾಳತ್ವದಲ್ಲಿ ತಯಾರಾದದ್ದು ಅದು.

ಅದರ ಮುಂದಿದ್ದ ಕೆಲಸ ಎಂಥದು ನೋಡಿ. ಬರುವ ಕಣದ ಅಡ್ಡಳತೆ ಒಂದು ಮೈಕ್ರೋಮೀಟರಿನ ಐದನೇ ಒಂದು ಭಾಗದ ಆಸುಪಾಸು. ಅಂಥ ಕಲ್ಲಿನ ಕಣಗಳನ್ನು ಒಟ್ಟುಹಾಕಿ ಒಂದು ಗ್ರಾಂ ತೂಗಿಸಬೇಕಾದರೆ ಸುಮಾರು 80 ಲಕ್ಷ ಕೋಟಿ ಕಣ ಬೇಕು. ಬರುವ ವೇಗವೋ ಸೆಕೆಂಡಿಗೆ 20 ಕಿಲೋಮೀಟರಿಗೂ ಹೆಚ್ಚು. ಮೆತ್ತಗೆ ಹಿಡಿದು, ಸೂಕ್ಷ್ಮದರ್ಶಕದ ಕೆಳಗಿಟ್ಟು ನೋಡುವ ಮಾತೇ ಇಲ್ಲ. ಉಪಕರಣ ಮಾಡಿದವರು ಆ ವೇಗವನ್ನು ತಡೆಯಲು ಹೋಗದೆ ಅದರಿಂದಲೇ ಕೆಲಸ ತೆಗೆದರು.

ಬಕೆಟ್ಟಿನ ತಳದ ನಡುವೆ 16 ಸೆಂಟಿಮೀಟರ್ ಅಗಲದ ರೋಡಿಯಂ ಲೋಹದ ತಟ್ಟೆ. ಕಣ ಅದಕ್ಕೆ ಬಡಿದ ಕ್ಷಣ ಆವಿಯಾಗುತ್ತದೆ. ಆವಿಯಾಗುವುದಷ್ಟೇ ಅಲ್ಲ, ಅದರ ಪರಮಾಣುಗಳಲ್ಲಿ ಒಂದಷ್ಟು ಎಲೆಕ್ಟ್ರಾನ್ ಕಳೆದುಕೊಂಡು ವಿದ್ಯುದಂಶ ಹೊತ್ತ ಅಯಾನುಗಳಾಗುತ್ತವೆ. ತಟ್ಟೆಯಿಂದ ಮೂರೇ ಮಿಲಿಮೀಟರ್ ಮುಂದೆ ಒಂದು ಜಾಲರಿ. ಎರಡರ ನಡುವೆ 1,000 ವೋಲ್ಟ್. ಅಯಾನುಗಳನ್ನು ಆ ವೋಲ್ಟೇಜ್ ಹಿಡಿದು ಮುಂದಕ್ಕೆ ನೂಕುತ್ತದೆ. ಜಾಲರಿ ದಾಟಿದ ಮೇಲೆ ಅವು ಸುಮಾರು 23 ಸೆಂಟಿಮೀಟರ್ ದೂರವನ್ನು ಸುಮ್ಮನೆ ಸಾಗಿ ಇನ್ನೊಂದು ತುದಿಯ ಗ್ರಾಹಕಕ್ಕೆ ಹೋಗಿ ಬೀಳುತ್ತವೆ. ಎಲ್ಲ ಅಯಾನಿಗೂ ಸಿಕ್ಕ ನೂಕು ಒಂದೇ. ಆದರೆ ಎಲ್ಲವೂ ಒಟ್ಟಿಗೆ ಮುಟ್ಟುವುದಿಲ್ಲ.

ಮಂಡ್ಯದ ಕಡೆ ಕಬ್ಬಿನ ಗಾಡಿ ನೋಡಿದವರಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ. ಒಂದೇ ಜೋಡಿ ಎತ್ತನ್ನು ಖಾಲಿ ಗಾಡಿಗೆ ಕಟ್ಟಿದರೆ ಓಡುತ್ತವೆ. ಕಬ್ಬು ಹೇರಿದ ಗಾಡಿಗೆ ಕಟ್ಟಿದರೆ ಹೆಜ್ಜೆ ಎಣಿಸುತ್ತವೆ. ಎತ್ತು ಅವೇ, ದಾರಿ ಅದೇ. ಹೊರಟ ಹೊತ್ತು ಗೊತ್ತಿದ್ದರೆ, ಕಾರ್ಖಾನೆಯ ಗೇಟಿಗೆ ಬಂದ ಹೊತ್ತು ನೋಡಿಯೇ ಗಾಡಿಯಲ್ಲಿ ಎಷ್ಟು ಹೇರಿತ್ತು ಎಂದು ಹೇಳಬಹುದು, ತೂಕದ ಸೇತುವೆ ಬೇಕಾಗಿಲ್ಲ.

ಕ್ಯಾಸಿನಿ ಮಾಡಿದ್ದು ಅದನ್ನೇ. ಎಲ್ಲಕ್ಕಿಂತ ಹಗುರಾದ ಜಲಜನಕದ ಅಯಾನು ಆ 23 ಸೆಂಟಿಮೀಟರನ್ನು ಸುಮಾರು ಅರ್ಧ ಮೈಕ್ರೋಸೆಕೆಂಡಿನಲ್ಲಿ ದಾಟುತ್ತದೆ. ಮೈಕ್ರೋಸೆಕೆಂಡ್ ಅಂದರೆ ಸೆಕೆಂಡಿನ ಹತ್ತು ಲಕ್ಷದ ಒಂದು ಭಾಗ. ಮೆಗ್ನೀಸಿಯಂಗೆ ಸುಮಾರು 2.6 ಬೇಕು, ಸಿಲಿಕಾನ್‌ಗೆ 2.8, ಕಬ್ಬಿಣಕ್ಕೆ 3.9. ಎಲ್ಲಕ್ಕಿಂತ ಹಿಂದೆ, 5.3ರ ಹೊತ್ತಿಗೆ, ಭಾರವಾದ ರೋಡಿಯಂ ಬರುತ್ತದೆ. ಅದು ಧೂಳಿನದಲ್ಲ, ತಟ್ಟೆಯದು. ಗ್ರಾಹಕದಲ್ಲಿ ಹೊತ್ತುಹೊತ್ತಿಗೆ ಏಳುವ ಈ ಶಿಖರಗಳ ಸಾಲಿಗೆ ತೂಕಪಟ್ಟಿ ಎನ್ನಬಹುದು. ವಿಜ್ಞಾನಿಗಳ ಬಾಯಲ್ಲಿ ಅದು ಮಾಸ್ ಸ್ಪೆಕ್ಟ್ರಮ್. ಯಾವ ಶಿಖರ ಎಲ್ಲಿದೆ ಎಂಬುದು ಮೂಲವಸ್ತು ಯಾವುದೆಂದು ಹೇಳುತ್ತದೆ, ಎಷ್ಟು ಎತ್ತರ ಎಂಬುದು ಎಷ್ಟಿದೆ ಎಂದು ಹೇಳುತ್ತದೆ. ಇಡೀ ಪರೀಕ್ಷೆ ಆರು ಮೈಕ್ರೋಸೆಕೆಂಡಿನೊಳಗೆ ಮುಗಿಯುತ್ತದೆ.

ತಟ್ಟೆಗೆ ರೋಡಿಯಮ್ಮೇ ಯಾಕೆ ಎಂದು ಕೇಳಬಹುದು. ಅದೇನು ಸಸ್ತಾ ಲೋಹವಲ್ಲ. ಅನೇಕ ಮೂಲವಸ್ತುಗಳ ಪರಮಾಣುಗಳು ಬೇರೆಬೇರೆ ತೂಕಗಳಲ್ಲಿ ಬರುತ್ತವೆ. ಪ್ರಕೃತಿಯಲ್ಲಿ ಸಿಗುವ ರೋಡಿಯಂಗೆ ಒಂದೇ ತೂಕ, 103. ಆದ್ದರಿಂದ ಪಟ್ಟಿಯಲ್ಲಿ ಅದರದ್ದು ಒಂದೇ ಶಿಖರ, ಅದೂ ಧೂಳಿನ ಮೂಲವಸ್ತುಗಳಿಂದ ಬಹಳ ದೂರ. ಸಾಕ್ಷಿ ಹೇಳುವವರ ನಡುವೆ ಬಾಯಿ ಹಾಕುವುದಿಲ್ಲ.

ಧೂಳು ಎಸೆಯುವ ಯಂತ್ರ

ಶಿಖರದ ಎತ್ತರಕ್ಕೂ ಪ್ರಮಾಣಕ್ಕೂ ನೇರ ಸಂಬಂಧವಿದ್ದಿದ್ದರೆ ಕತೆ ಇಲ್ಲಿಗೆ ಮುಗಿಯುತ್ತಿತ್ತು. ಇಲ್ಲ. ಕೆಲವು ಮೂಲವಸ್ತುಗಳು ಸುಲಭವಾಗಿ ಎಲೆಕ್ಟ್ರಾನ್ ಬಿಟ್ಟುಕೊಡುತ್ತವೆ, ಕೆಲವು ಜಿಗುಟು. ಸೋಡಿಯಂ, ಪೊಟ್ಯಾಸಿಯಂ ಚೂರು ಇದ್ದರೂ ದೊಡ್ಡ ಶಿಖರ ಎಬ್ಬಿಸುತ್ತವೆ. ಆಮ್ಲಜನಕ ರಾಶಿ ಇದ್ದರೂ ಸಣ್ಣದು. ಬಡಿದ ವೇಗ ಬದಲಾದರೆ ಈ ಅನುಪಾತವೂ ಬದಲಾಗುತ್ತದೆ. ಇಷ್ಟು ಸಾಲದೆಂಬಂತೆ, ಭೂಮಿಯಿಂದಲೇ ತಟ್ಟೆಗೆ ಅಂಟಿಕೊಂಡು ಹೋದ ಜಲಜನಕ, ಇಂಗಾಲಗಳೂ ಪಟ್ಟಿಯಲ್ಲಿ ತಲೆಹಾಕುತ್ತವೆ.

ಇದನ್ನು ಬಿಡಿಸಲು ಇರುವ ದಾರಿ ಒಂದೇ: ಗೊತ್ತಿರುವ ಧೂಳನ್ನು ಗೊತ್ತಿರುವ ವೇಗದಲ್ಲಿ ಹೊಡೆದು ನೋಡುವುದು. ಹೈಡೆಲ್‌ಬರ್ಗ್‌ನಲ್ಲಿ ಅದಕ್ಕೆಂದೇ ಒಂದು ವೇಗವರ್ಧಕವಿತ್ತು. ಕಣಕ್ಕೆ ವಿದ್ಯುದಂಶ ತುಂಬಿ, 20 ಲಕ್ಷ ವೋಲ್ಟ್‌ನಿಂದ ಎಳೆದರೆ ಅದು ಸೆಕೆಂಡಿಗೆ ಹತ್ತಾರು ಕಿಲೋಮೀಟರ್ ವೇಗದಲ್ಲಿ ಹಾರುತ್ತದೆ. ಕಬ್ಬಿಣದ ಪುಡಿಗಾದರೆ ವಿದ್ಯುತ್ ತುಂಬುವುದು ಸಲೀಸು. ಕಲ್ಲಿನ ಪುಡಿಗೆ ವಿದ್ಯುತ್ ಹಿಡಿಯುವುದಿಲ್ಲವಲ್ಲ! ಅದಕ್ಕಾಗಿ ಕಲ್ಲನ್ನು ಮೈಕ್ರೋಮೀಟರ್ ಗಾತ್ರಕ್ಕೆ ಅರೆದು, ಒಂದೊಂದು ಕಣದ ಮೇಲೂ ಪ್ಲಾಟಿನಂನ ತೆಳು ಲೇಪ ಕೊಟ್ಟು ಹಾರಿಸಿದರು. ನೌಕೆ ಹಾರಿ ಎಷ್ಟೋ ವರ್ಷಗಳಾದ ಮೇಲೂ ಈ ಪ್ರಯೋಗಗಳು ನಡೆಯುತ್ತಲೇ ಇದ್ದವು. ಶನಿಯಿಂದ ಬಂದ ತೂಕಪಟ್ಟಿಯನ್ನು ಓದುವ ವಿದ್ಯೆ ಭೂಮಿಯ ಮೇಲೆ ಹೀಗೆ ನಿಧಾನವಾಗಿ ಕೂಡಿಬಂದದ್ದು.

ಶನಿಯ ಮನೆಯ ಗದ್ದಲ

ತಾರಾಂತರ ಧೂಳು ಹುಡುಕಲು ಶನಿಯ ಸುತ್ತಮುತ್ತ ಅಷ್ಟೇನೂ ಒಳ್ಳೆಯ ಜಾಗವಲ್ಲ. ಶನಿಯ ಚಂದ್ರ ಎನ್ಸೆಲಡಸ್ ತನ್ನ ದಕ್ಷಿಣ ಧ್ರುವದ ಬಿರುಕುಗಳಿಂದ ಹಿಮದ ಕಣಗಳನ್ನು ಸತತವಾಗಿ ಉಗುಳುತ್ತಿರುತ್ತದೆ. ಕ್ಯಾಸಿನಿಗೆ ಬಡಿದ ಕಣಗಳು ಲಕ್ಷಗಟ್ಟಲೆ. ಅವುಗಳಲ್ಲಿ ಬಹುಪಾಲು ಈ ಹಿಮವೇ. ಆ ರಾಶಿಯಲ್ಲಿ ಹೊರಗಿನವರನ್ನು ಹೆಕ್ಕುವುದು ಹೇಗೆ?

ಹಿಮದ ಕಣಗಳ ತೂಕಪಟ್ಟಿಗೆ ತನ್ನದೇ ಚಹರೆ ಇದೆ. ನಿಧಾನವಾಗಿ ಬಡಿದ ಹಿಮ ಪೂರ್ತಿ ಒಡೆಯುವುದಿಲ್ಲ. ನೀರಿನ ಅಣುಗಳು ಒಂದು, ಎರಡು, ಮೂರು ಕೂಡಿಕೊಂಡೇ ಬರುತ್ತವೆ. ಆಗ 19, 37, 55 ಹೀಗೆ ಹದಿನೆಂಟು ಹದಿನೆಂಟರ ಅಂತರದಲ್ಲಿ ಶಿಖರಗಳು ಸಾಲಾಗಿ ನಿಲ್ಲುತ್ತವೆ. ಅತಿ ವೇಗವಾಗಿ ಬಡಿದ ಕಲ್ಲಿನ ಕಣದಲ್ಲಿ ಅಣು ಎಂಬುದೇ ಉಳಿಯುವುದಿಲ್ಲ, ಬಿಡಿ ಪರಮಾಣುಗಳ ಶಿಖರಗಳು ಮಾತ್ರ. ಇದು ಮೊದಲ ಜರಡಿ. ಎರಡನೆಯದು ವೇಗ: ಶನಿಯ ದೂರದಲ್ಲಿ ಸೂರ್ಯನ ಹಿಡಿತದಿಂದ ತಪ್ಪಿಸಿಕೊಳ್ಳಲು ಸೆಕೆಂಡಿಗೆ 14 ಕಿಲೋಮೀಟರ್ ಸಾಕು, ಅದಕ್ಕಿಂತ ಎಷ್ಟೋ ಜೋರಾಗಿ ಬಂದ ಕಣ ಸೂರ್ಯನ ಒಕ್ಕಲಲ್ಲ. ಮೂರನೆಯದು ದಿಕ್ಕು: ಉಪಕರಣದ ಬಾಯಿ ಉರಗಧರದ ಕಡೆಗಿದ್ದ ಹೊತ್ತಿನಲ್ಲಿ ಬಂದದ್ದಾಗಿರಬೇಕು.

ಹತ್ತಿರ ಹತ್ತಿರ ಹತ್ತು ವರ್ಷಗಳ ದತ್ತಾಂಶವನ್ನು ಹೀಗೆ ಸೋಸಿ, ಯುರೋಪಿಯನ್ ಬಾಹ್ಯಾಕಾಶ ಸಂಸ್ಥೆಯ ನಿಕೊಲಾ ಆಲ್ಟೊಬೆಲ್ಲಿ ಮತ್ತು ಸಂಗಡಿಗರು 2016ರಲ್ಲಿ ಫಲಿತಾಂಶ ಪ್ರಕಟಿಸಿದರು. ಉಳಿದುಕೊಂಡ ಕಣಗಳು ಮೂವತ್ತಾರು.

ಎಲ್ಲದರದ್ದೂ ಒಂದೇ ಜಾತಕ

ಅವುಗಳಲ್ಲಿ ಸಿಕ್ಕಿದ್ದು ಮೆಗ್ನೀಸಿಯಂ, ಸಿಲಿಕಾನ್, ಕಬ್ಬಿಣ, ಕ್ಯಾಲ್ಸಿಯಂ. ಮೆಗ್ನೀಸಿಯಂ ಹೆಚ್ಚಾಗಿರುವ ಕಲ್ಲು, ಕೆಲವುಗಳಲ್ಲಿ ಅದರೊಳಗೆ ಹುದುಗಿದ ಕಬ್ಬಿಣದ ಚೂರುಗಳು. ಕೊಪರ್ನಿಕಸ್ ಉಪಗ್ರಹದ ಕಾಲದಿಂದ ಕಾಣೆಯಾಗಿದ್ದ ಕಬ್ಬಿಣ ಎಲ್ಲಿತ್ತು ಎಂಬುದಕ್ಕೆ ಒಂದು ನೇರ ಉತ್ತರ ಸಿಕ್ಕಿತು. ಗಂಧಕ ಬಹಳ ಕಡಿಮೆ. ಅದು ಅನಿಲದಲ್ಲೇ ಉಳಿದಿದೆ ಎಂಬ ಹಳೆಯ ಅಳತೆಗೆ ಇದು ಹೊಂದುತ್ತದೆ. ಇಂಗಾಲವೂ ಕಡಿಮೆ, ಇದು ಮಾತ್ರ ಸ್ವಲ್ಪ ಇರುಸುಮುರುಸಿನ ಸಂಗತಿ. ಆಕಾಶದ ಧೂಳಿನಲ್ಲಿ ಮಸಿಯಂಥ ಇಂಗಾಲದ ಕಣಗಳೂ ಧಾರಾಳವಾಗಿವೆ ಎಂದು ಖಗೋಳಜ್ಞರು ನಂಬಿಕೊಂಡು ಬಂದಿದ್ದಾರೆ. ಅವು ತೀರ ಚಿಕ್ಕವಾಗಿದ್ದು ಸೌರಗುಳ್ಳೆಯ ಬಾಗಿಲಲ್ಲೇ ತಿರುಗಿಹೋಗಿರಬಹುದು; ಒಳಗೆ ಬಂದವರನ್ನು ನೋಡಿ ಹೊರಗುಳಿದವರ ಬಗ್ಗೆ ತೀರ್ಪು ಕೊಡುವುದು ಅವಸರವಾದೀತು.

ಇದಕ್ಕಿಂತಲೂ ದೊಡ್ಡ ಸಂಗತಿ ಬೇರೆ. ಮೂವತ್ತಾರೂ ಕಣಗಳು ಹೆಚ್ಚುಕಡಿಮೆ ಒಂದೇ ಥರ ಇದ್ದವು. ಕಣದಿಂದ ಕಣಕ್ಕೆ ವ್ಯತ್ಯಾಸ ಅತ್ಯಲ್ಪ. ಎಲ್ಲದರಲ್ಲೂ ಪ್ರಮುಖ ಕಲ್ಲು-ಲೋಹಗಳ ಪ್ರಮಾಣ ಸೂರ್ಯನಲ್ಲಿರುವಂತೆಯೇ. ಓದುವಾಗ ಸಪ್ಪೆ ಎನಿಸಬಹುದು. ಆದರೆ ಹೆಚ್ಚಿನವರು ಎದುರುನೋಡಿರದಿದ್ದ ಮಾತು ಇದೇ.

ಯಾಕೆ ಎಂದರೆ, ಧೂಳು ಹುಟ್ಟುವುದು ನಕ್ಷತ್ರಗಳಲ್ಲಿ ಎಂದು ನಾವು ಓದಿಕೊಂಡಿದ್ದೇವೆ. ಮುದಿ ನಕ್ಷತ್ರಗಳು ಉಬ್ಬಿ ತಮ್ಮ ಹೊರಮೈಯನ್ನು ಊದಿಬಿಡುತ್ತವೆ. ಆ ಅನಿಲ ತಣಿಯುತ್ತ ಕಣಗಟ್ಟುತ್ತದೆ. ಒಂದೊಂದು ನಕ್ಷತ್ರದ ಒಳಗಿನ ಪಾಕ ಒಂದೊಂದು ಬಗೆ. ಆದ್ದರಿಂದ ಒಂದರ ಕಣ ಇನ್ನೊಂದರದ್ದರ ಹಾಗೆ ಇರಬಾರದು. ಇದು ಬರಿಯ ಊಹೆಯೂ ಅಲ್ಲ. 1969ರ ಸೆಪ್ಟೆಂಬರಿನಲ್ಲಿ ಆಸ್ಟ್ರೇಲಿಯಾದ ಮರ್ಚಿಸನ್ ಎಂಬಲ್ಲಿ ಬಿದ್ದ ಉಲ್ಕಾಶಿಲೆಯೊಳಗೆ ಸೂರ್ಯನಿಗಿಂತ ಹಳೆಯ ಕಣಗಳು ಸಿಕ್ಕಿವೆ. 2020ರಲ್ಲಿ ಪ್ರಕಟವಾದ ಅಧ್ಯಯನದಂತೆ ಅವುಗಳಲ್ಲಿ ಕೆಲವು ಸುಮಾರು 700 ಕೋಟಿ ವರ್ಷ ಹಿಂದಿನವು. ಅಂಥ ಕಣಗಳ ನಡುವಿನ ವೈವಿಧ್ಯ ತಲೆ ತಿರುಗಿಸುವಂಥದ್ದು. ಉದಾಹರಣೆಗೆ, ಇಂಗಾಲದಲ್ಲಿ 12ರ ತೂಕದ್ದೂ 13ರ ತೂಕದ್ದೂ ಎರಡು ಬಗೆಯ ಪರಮಾಣುಗಳಿವೆ. ನಮ್ಮ ಸೌರವ್ಯೂಹದಲ್ಲಿ ಹಗುರಾದದ್ದು 89ಕ್ಕೆ ಭಾರದ್ದು ಒಂದು. ಉಲ್ಕಾಶಿಲೆಯ ಹಳೆಯ ಕಣಗಳಲ್ಲಿ ಒಂದರಲ್ಲಿ ಈ ಪ್ರಮಾಣ ನಾಲ್ಕಕ್ಕೆ ಒಂದಿದ್ದರೆ ಇನ್ನೊಂದರಲ್ಲಿ ಸಾವಿರಕ್ಕೆ ಒಂದು. ಅವು ನಿಜಕ್ಕೂ ಬೇರೆಬೇರೆ ತಾಯಿಯರ ಮಕ್ಕಳು.

ಹಾಗಾದರೆ ಕ್ಯಾಸಿನಿಯ ಮೂವತ್ತಾರು ಎಲ್ಲಿಯವು? ಒಂದೇ ನಕ್ಷತ್ರದವು ಎನ್ನುವಂತಿಲ್ಲ. ಯಾವ ಒಂದೇ ನಕ್ಷತ್ರದ ಊದುಗಾಳಿಯೂ ಸೂರ್ಯನ ಪ್ರಮಾಣವನ್ನು ಇಷ್ಟು ನಿಷ್ಠೆಯಿಂದ ಒಪ್ಪಿಸಬೇಕಾಗಿಲ್ಲ. ಉಳಿಯುವ ಉತ್ತರ ಒಂದು. ಇವು ನಕ್ಷತ್ರದಲ್ಲಿ ಹುಟ್ಟಿದ ರೂಪದಲ್ಲಿಲ್ಲ. ಹುಟ್ಟಿದ ಮೇಲೆ ಒಡೆದು, ಮತ್ತೆ ಕಟ್ಟಿಕೊಂಡು, ಮತ್ತೆ ಒಡೆದು ಬಂದವು.

ಒಡೆಯುವುದು, ಕಟ್ಟುವುದು

ತಾರಾಂತರ ಬಯಲು ಶಾಂತವಾದ ಜಾಗವೆಂದು ನಮಗೊಂದು ಕಲ್ಪನೆಯಿದೆ. ಅದು ಹಾಗಿಲ್ಲ. ದೊಡ್ಡ ನಕ್ಷತ್ರವೊಂದು ಸೂಪರ್ನೋವಾ ಆಗಿ ಸಿಡಿದರೆ ಅದರ ಅಪ್ಪಳಿಕೆಯ ಅಲೆ ನೂರಾರು ಜ್ಯೋತಿರ್ವರ್ಷಗಳವರೆಗೆ ಹರಡುತ್ತದೆ. ಅಲೆ ಹಾದುಹೋದಲ್ಲಿ ಅನಿಲದ ಪರಮಾಣುಗಳು ಧೂಳಿನ ಕಣಗಳಿಗೆ ಬಡಿದು ಮೇಲ್ಮೈಯಿಂದ ಪರಮಾಣುಗಳನ್ನು ಕಿತ್ತುಹಾಕುತ್ತವೆ; ಕಣಕ್ಕೆ ಕಣ ಡಿಕ್ಕಿ ಹೊಡೆದು ನುಚ್ಚಾಗುತ್ತವೆ. ಧೂಳು ಪುನಃ ಅನಿಲವಾಗುತ್ತದೆ. ಬಹಳಷ್ಟು ಲೆಕ್ಕಾಚಾರಗಳ ಪ್ರಕಾರ ಕಣವೊಂದರ ಸರಾಸರಿ ಆಯಸ್ಸು 50 ಕೋಟಿ ವರ್ಷಗಳ ಆಸುಪಾಸು. ನಕ್ಷತ್ರಗಳೆಲ್ಲ ಸೇರಿ ಅಷ್ಟೇ ಧೂಳನ್ನು ಹೊಸದಾಗಿ ತುಂಬಿಕೊಡಲು 200 ಕೋಟಿಗೂ ಮೇಲ್ಪಟ್ಟು ವರ್ಷ ಬೇಕು. ಖರ್ಚು ಆದಾಯಕ್ಕಿಂತ ನಾಲ್ಕು ಪಟ್ಟು. ಈ ಲೆಕ್ಕದಲ್ಲಿ ಆಕಾಶಗಂಗೆಯ ಧೂಳು ಯಾವತ್ತೋ ಮುಗಿದುಹೋಗಬೇಕಿತ್ತು. ಮುಗಿದಿಲ್ಲ, ಆ ಕಪ್ಪು ಸೀಳು ತುಂಬಿಕೊಂಡೇ ಇದೆ.

ಬಾಕಿ ತುಂಬುತ್ತಿರುವುದು ಬಯಲೇ. ಒಡೆದ ಕಣಗಳ ಪರಮಾಣುಗಳು ಅನಿಲದಲ್ಲಿ ಬೆರೆತು, ನೂರಾರು ನಕ್ಷತ್ರಗಳ ಸಾಮಗ್ರಿ ಒಂದಾಗಿ, ದಟ್ಟವಾದ ತಣ್ಣನೆಯ ಮೋಡಗಳಲ್ಲಿ ಅಳಿದುಳಿದ ಚೂರುಗಳ ಮೇಲೆ ಮತ್ತೆ ಅಂಟಿಕೊಳ್ಳುತ್ತವೆ. ಸಾಮಗ್ರಿ ಬೆರೆತದ್ದಾದ್ದರಿಂದ ಯಾವ ಕಣ ಕಟ್ಟಿದರೂ ಅದೇ ಪ್ರಮಾಣ. ಕೆಲವೇ ಕೋಟಿ ವರ್ಷಗಳಲ್ಲಿ ಇನ್ನೊಂದು ಅಲೆ ಬರುತ್ತದೆ, ಇನ್ನೊಮ್ಮೆ ಒಡೆತ. ಖಗೋಳಜ್ಞರು ಆದಾಯ-ಖರ್ಚಿನ ಲೆಕ್ಕ ಹಾಕಿ, ಹೀಗೇ ಆಗುತ್ತಿರಬೇಕು ಎಂದು ಹೇಳುತ್ತಲೇ ಬಂದಿದ್ದರು. ಕ್ಯಾಸಿನಿಯ ಕಣಗಳ ಏಕರೂಪ ಅದಕ್ಕೆ ಕೈಗೆ ಸಿಕ್ಕ ಸಾಕ್ಷ್ಯ.

ನಾವೆಲ್ಲ ನಕ್ಷತ್ರಗಳ ಧೂಳು ಎಂಬ ಮಾತನ್ನು ಭಾಷಣಗಳಲ್ಲೂ ಟೀಶರ್ಟುಗಳ ಮೇಲೂ ನೋಡಿದ್ದೇವೆ. ಪರಮಾಣುಗಳ ಮಟ್ಟಿಗೆ ಅದು ನಿಜ. ಧೂಳಿನ ಮಟ್ಟಿಗೆ ಅಷ್ಟು ನಿಜವಲ್ಲ. ಭೂಮಿಗೆ ಕಚ್ಚಾವಸ್ತುವಾದ ಕಣಗಳಲ್ಲಿ ಬಹುಪಾಲು ನಕ್ಷತ್ರಗಳ ಬಿಸಿಯಲ್ಲಿ ರೂಪುಗೊಂಡವಲ್ಲ, ನಡುವಿನ ಚಳಿಗತ್ತಲಿನಲ್ಲಿ ಕಟ್ಟಿಕೊಂಡವು.

ಒಪ್ಪದ ಸಾಕ್ಷಿಗಳು

ಮೂವತ್ತಾರು ಎಂಬುದು ದೊಡ್ಡ ಸಂಖ್ಯೆಯಲ್ಲ. ಅದಕ್ಕೆ ಎದುರಾಗಿ ಇನ್ನೊಂದು ಚಿಕ್ಕ ಸಂಖ್ಯೆ ಇದೆ: ಏಳು.

1999ರ ಫೆಬ್ರುವರಿಯಲ್ಲಿ ಹೊರಟ ಸ್ಟಾರ್‌ಡಸ್ಟ್ ನೌಕೆ ಧೂಳನ್ನು ಒಡೆಯದೆ ಹಿಡಿಯುವ ಸಾಹಸ ಮಾಡಿತು. ಏರೋಜೆಲ್ ಎಂಬ, ಹೆಚ್ಚಿನಂಶ ಗಾಳಿಯೇ ಆಗಿರುವ ಗಾಜಿನಂಥ ವಸ್ತುವಿನ ಬಿಲ್ಲೆಗಳನ್ನು ಹೊರಗೆ ಚಾಚಿ, 2006ರ ಜನವರಿ 15ರಂದು ಅವನ್ನು ಅಮೆರಿಕದ ಯೂಟಾ ಮರುಭೂಮಿಯಲ್ಲಿ ಇಳಿಸಿತು. ಬಿಲ್ಲೆಯ ಒಂದು ಮುಖ ಧೂಮಕೇತುವಿಗೆ, ಬೆನ್ನಿನ ಮುಖ ತಾರಾಂತರ ಧೂಳಿಗೆ. ಧೂಳಿನ ಜಾಡು ಹುಡುಕಲು ಲಕ್ಷಾಂತರ ಸೂಕ್ಷ್ಮ ಚಿತ್ರಗಳನ್ನು ನೋಡಬೇಕಿತ್ತು, ಅದನ್ನು ಇಂಟರ್ನೆಟ್ಟಿನಲ್ಲಿ ಹಂಚಿಕೊಂಡು ಮೂವತ್ತು ಸಾವಿರ ಸ್ವಯಂಸೇವಕರು ಕಣ್ಣು ನೋಯುವವರೆಗೆ ನೋಡಿದರು. 2014ರಲ್ಲಿ ಏಳು ಕಣಗಳನ್ನು ತಾರಾಂತರ ಧೂಳು ಇರಬಹುದೆಂದು ಪ್ರಕಟಿಸಲಾಯಿತು. ಇರಬಹುದು ಎಂಬ ಪದವನ್ನು ಸಂಶೋಧಕರು ಬಿಟ್ಟುಕೊಟ್ಟಿಲ್ಲ.

ಈ ಏಳು ಕ್ಯಾಸಿನಿಯ ಮೂವತ್ತಾರರ ಜೊತೆ ರಾಜಿಯಾಗುವುದಿಲ್ಲ. ಓರಿಯನ್ ಮತ್ತು ಹೈಲಾಬ್ರೂಕ್ ಎಂಬ ಹೆಸರಿನ ಎರಡು ದೊಡ್ಡ ಕಣಗಳಲ್ಲಿ ಆಲಿವಿನ್ ಎಂಬ ಹಸಿರು ಖನಿಜದ ಹರಳುಗಳಿವೆ. ಅವಕೆಂಪು ಬೆಳಕು ಹೇಳಿದ್ದು ಹರಳುಗಟ್ಟದ ಕಲ್ಲಿನ ಮಾತು. ಬಿಲ್ಲೆಗಳ ನಡುವಿನ ಅಲ್ಯೂಮಿನಿಯಂ ಹಾಳೆಯಲ್ಲಿ ಸಣ್ಣ ಕುಳಿ ಮಾಡಿ ಸತ್ತ ನಾಲ್ಕರ ಪೈಕಿ ಮೂರರಲ್ಲಿ ಗಂಧಕ ಸಿಕ್ಕಿದೆ. ಕ್ಯಾಸಿನಿ ಅದು ಬಹುತೇಕ ಇಲ್ಲವೆಂದಿದೆ. ಎರಡರಲ್ಲಿ ಒಂದು ಕಡೆ ತಪ್ಪಿರಬೇಕು ಎಂದೇನಿಲ್ಲ. ಕಣಗಳ ಗಾತ್ರ ಬೇರೆ, ಬಂದ ವೇಗ ಬೇರೆ, ಹಿಡಿದ ರೀತಿ ಬೇರೆ. ನನ್ನ ಮಟ್ಟಿಗೆ ಕ್ಯಾಸಿನಿಯ ಕಡೆ ತೂಕ ತುಸು ಹೆಚ್ಚು, ಅದರ ಕಣಗಳಿಗೆ ವೇಗ ಮತ್ತು ದಿಕ್ಕಿನ ದಾಖಲೆ ಇದೆ ಎಂಬ ಕಾರಣಕ್ಕೆ. ಹಾಗೆಂದು ಕಣ್ಣಾರೆ ಕಂಡ ಹರಳನ್ನು ತಳ್ಳಿಹಾಕಲು ಆಗುವುದಿಲ್ಲ.

ಜಗಳ ಬಗೆಹರಿಯಬೇಕಾದರೆ ಹೆಚ್ಚು ಕಣಗಳೂ ಹೆಚ್ಚು ಚೂಪಾದ ತೂಕಪಟ್ಟಿಯೂ ಬೇಕು. 2025ರ ಸೆಪ್ಟೆಂಬರ್ 24ರಂದು ಹಾರಿದ ನಾಸಾದ ಐಮ್ಯಾಪ್ ನೌಕೆಯಲ್ಲಿ ಅದಕ್ಕೆಂದು ಐಡೆಕ್ಸ್ ಎಂಬ ಧೂಳು ವಿಶ್ಲೇಷಕವಿದೆ; ಕೊಲರಾಡೊ ವಿಶ್ವವಿದ್ಯಾಲಯದ ಪ್ರಯೋಗಾಲಯದಲ್ಲಿ ಕಟ್ಟಿದ್ದು. ನೌಕೆಯ ನೆಲೆ ಭೂಮಿಯಿಂದ ಸೂರ್ಯನ ಕಡೆಗೆ 15 ಲಕ್ಷ ಕಿಲೋಮೀಟರ್ ದೂರದ ಎಲ್1 ಬಿಂದು, ಇಸ್ರೊದ ಆದಿತ್ಯ ಸುತ್ತುತ್ತಿರುವ ಜಾಗವೇ. (ಇಸ್ರೊ ಕೂಡ 2024ರ ಜನವರಿ 1ರಂದು ಪಿಎಸ್‌ಎಲ್‌ವಿ ರಾಕೆಟ್ಟಿನ ಕೊನೆಯ ಹಂತದ ಮೇಲೆ ಅಹಮದಾಬಾದಿನ ಭೌತ ಸಂಶೋಧನಾ ಪ್ರಯೋಗಾಲಯದ ಒಂದು ಪುಟ್ಟ ಧೂಳು ಪತ್ತೆ ಉಪಕರಣವನ್ನು ಹಾರಿಸಿ ನೋಡಿದೆ. ಅದು ಬಡಿತವನ್ನು ಎಣಿಸುವಂಥದ್ದು, ಒಳಗೇನಿದೆ ಎಂದು ಹೇಳುವಂಥದ್ದಲ್ಲ.)

ಕ್ಯಾಸಿನಿಯ ತೂಕಪಟ್ಟಿಯಲ್ಲಿ ಮೆಗ್ನೀಸಿಯಂನ ಶಿಖರವೂ ಸಿಲಿಕಾನ್‌ನ ಶಿಖರವೂ ಒಂದರ ಮೇಲೊಂದು ವಾಲಿಕೊಂಡಿದ್ದವು. ನಡುವೆ ಅಲ್ಯೂಮಿನಿಯಂ ಇದ್ದರೂ ಕಾಣುತ್ತಿರಲಿಲ್ಲ. ಐಡೆಕ್ಸ್‌ನ ಪಟ್ಟಿ ಹಲವು ಪಟ್ಟು ಚೂಪು. ಮೆಗ್ನೀಸಿಯಂನಲ್ಲೇ ಇರುವ 24, 25, 26ರ ತೂಕದ ಮೂರು ಬಗೆಯ ಪರಮಾಣುಗಳನ್ನು ಬೇರೆಬೇರೆಯಾಗಿ ತೋರಿಸುವಷ್ಟು. ಸೌರವ್ಯೂಹದಲ್ಲಿ ಅವು ನೂರಕ್ಕೆ 79, 10, 11ರಂತೆ ಇವೆ. ಬಯಲಿನಲ್ಲಿ ಬೆರೆತು ಕಟ್ಟಿಕೊಂಡ ಕಣದಲ್ಲೂ ಹೆಚ್ಚುಕಡಿಮೆ ಅದೇ ಬರಬೇಕು. ಬೇರೆ ಏನಾದರೂ ಬಂದರೆ, ಆ ಕಣ ತನ್ನ ನಕ್ಷತ್ರವನ್ನು ಬಿಟ್ಟ ಮೇಲೆ ಒಮ್ಮೆಯೂ ಒಡೆಯದೆ ಇಲ್ಲಿಯವರೆಗೆ ಬಂದಿದೆ ಎಂದರ್ಥ. ಒಂದೇ ಕಣದಲ್ಲಿ ಸಿಗುವ ಅಯಾನುಗಳು ಇಷ್ಟು ನಿಖರವಾದ ಅನುಪಾತಕ್ಕೆ ಸಾಲದಿರಬಹುದು. ಹಲವು ಕಣಗಳ ಪಟ್ಟಿಗಳನ್ನು ಕೂಡಿಸಿ ನೋಡಬೇಕಾದೀತು. ಆದರೆ ತಾರಾಂತರ ಕಣಗಳು ಐಡೆಕ್ಸ್‌ಗೆ ದಿನಕ್ಕೊಂದೂ ಸಿಗುವುದಿಲ್ಲ.